ಆಪರೇಟಿಂಗ್ ಸಿಸ್ಟಮ್ ಹೊಸದು, ಸೌಂಡ್ ಪೆಟ್ಟಿಗೆ ಹಳೆಯದು: ಎರಡನ್ನೂ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಅಪ್ಪನ ತಾಳಮದ್ದಳೆ ಕ್ಯಾಸೆಟ್ಟುಗಳು ನಮ್ಮ ಅಟ್ಟದ ಮೇಲೆ ಒಂದು ರಟ್ಟಿನ ಡಬ್ಬ ತುಂಬ ಇವೆ. ಹೆಚ್ಚಿನವು 60 ನಿಮಿಷದವು, ಕೆಲವು 90. ಒಂದೊಂದರ ಬೆನ್ನಿಗೂ ಅವರ ಕೈಬರಹದಲ್ಲಿ ಪ್ರಸಂಗದ ಹೆಸರು, ಊರು, ತಾರೀಕು. ಬಿಡುವಾದಾಗ ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಕ್ಯಾಸೆಟ್ ಡೆಕ್ಕಿನ ಹಿಂದಿನಿಂದ ಕೆಂಪು-ಬಿಳಿ ಪಿನ್ನಿನ ವಯರು ಹೊರಟು ಒಂದು ಹಳೆಯ ಯುಎಸ್‌ಬಿ ಆಡಿಯೋ ಇಂಟರ್‌ಫೇಸಿಗೆ ಹೋಗುತ್ತದೆ. ಅಲ್ಲಿಂದ ಕಂಪ್ಯೂಟರಿಗೆ. ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್. ಆ ಇಂಟರ್‌ಫೇಸಿಗೆ ನಮ್ಮ ಮನೆಯಲ್ಲಿ 'ಪೆಟ್ಟಿಗೆ' ಅಂತಲೇ ಹೆಸರು. ಇಲ್ಲೂ ಹಾಗೇ ಕರೆಯುತ್ತೇನೆ.

ಆಪರೇಟಿಂಗ್ ಸಿಸ್ಟಮ್ ಅಪ್‌ಗ್ರೇಡ್ ಮಾಡಿದ ಮರುದಿನ ರೆಕಾರ್ಡ್ ಬಟನ್ ಒತ್ತಿದೆ. ರೆಕಾರ್ಡಿಂಗ್ ಡಿವೈಸ್ ತೆರೆಯಲು ಆಗುತ್ತಿಲ್ಲ ಅಂತ ಎರರ್ ಬಂತು. ಪೆಟ್ಟಿಗೆಯ ದೀಪ ಉರಿಯುತ್ತಿತ್ತು. ಹೆಡ್‌ಫೋನನ್ನು ಪೆಟ್ಟಿಗೆಗೇ ಸಿಕ್ಕಿಸಿದರೆ ಭಾಗವತರ ಪದ, ಮದ್ದಳೆ, ಚೆಂಡೆ ಎಲ್ಲ ಚೆನ್ನಾಗಿ ಕೇಳುತ್ತಿತ್ತು. ಕಂಪ್ಯೂಟರಿಗೆ ಮಾತ್ರ ಕಿವಿ ಇಲ್ಲ. ಡ್ರೈವರ್ ಹುಡುಕುತ್ತಾ ಎರಡು ರಾತ್ರಿ ಕಳೆದೆ. ಆಮೇಲೆ ತಂಗಿಯ ಮಗನಿಗೆ ಫೋನ್ ಮಾಡಿದೆ.

"ಮಾವಾ, ಮೈಕ್ ಪರ್ಮಿಷನ್ ನೋಡಿದ್ರಾ?"

"ಮೈಕ್ ಎಲ್ಲುಂಟು ಮಾರಾಯ? ನಾನು ಹಾಕಿದ್ದು ಡೆಕ್ಕಿನ ವಯರು."

"ಕಂಪ್ಯೂಟರಿಗೆ ಅದೆಲ್ಲ ಗೊತ್ತಾಗುವುದಿಲ್ಲ ಮಾವಾ. ಒಳಗೆ ಬರುವ ಸೌಂಡೆಲ್ಲ ಅದಕ್ಕೆ ಮೈಕೇ."

ಒಂದೇ ಒಂದು ಸ್ವಿಚ್ ಆನ್ ಮಾಡಿದೆ, ಸರಿಯಾಯಿತು. ಎರಡು ರಾತ್ರಿಯ ನಿದ್ದೆ ದಂಡ! ಅದಕ್ಕೇ ಇಲ್ಲಿ ಡ್ರೈವರ್ ವಿಷಯ ಐದನೇ ಹೆಜ್ಜೆಯಲ್ಲಿ ಬರುತ್ತದೆ. ಮೊದಲ ನಾಲ್ಕನ್ನು ದಯವಿಟ್ಟು ಹಾರಿಸಬೇಡಿ. ಹೆಚ್ಚಿನ ಉದಾಹರಣೆಗಳು ವಿಂಡೋಸ್ 11ರವು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ತುಂಬ ಜನ ಅಲ್ಲಿಗೇ ಬಂದಿದ್ದಾರೆ. ಲಿನಕ್ಸ್ ಮತ್ತು ಮ್ಯಾಕ್ ಬಗ್ಗೆಯೂ ಕೆಳಗೆ ಹೇಳಿದ್ದೇನೆ.

ಹೀಗಾಗುವುದು ಯಾಕೆ

ಪೆಟ್ಟಿಗೆ ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. ನನ್ನ ಹಾಗೆ ಪರ್ಮಿಷನ್ನಿನ ತಕರಾರು ಅಲ್ಲದಿದ್ದರೆ, ಅದಕ್ಕೂ ಆಪರೇಟಿಂಗ್ ಸಿಸ್ಟಮ್ಮಿಗೂ ನಡುವೆ ನಿಂತು ದುಭಾಷಿ ಕೆಲಸ ಮಾಡುವ ಡ್ರೈವರ್ ಕೈಕೊಟ್ಟಿರುತ್ತದೆ. ಇದಕ್ಕೆ ಮುಖ್ಯವಾಗಿ ಮೂರು ಕಾರಣ.

ಒಂದು, 32-ಬಿಟ್. ವಿಂಡೋಸ್ 11ರಲ್ಲಿ 32-ಬಿಟ್ ಆವೃತ್ತಿಯೇ ಇಲ್ಲ. ಹಳೆಯ 32-ಬಿಟ್ ಸಾಫ್ಟ್‌ವೇರುಗಳು 64-ಬಿಟ್ ವಿಂಡೋಸಿನಲ್ಲಿ ಓಡುತ್ತವೆ, ಆದರೆ 32-ಬಿಟ್ ಡ್ರೈವರ್ ಓಡುವುದಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದ ಸಿಡಿ ಇಟ್ಟುಕೊಂಡು ಕೂತವರಿಗೆ ಇದು ಮೊದಲ ಪೆಟ್ಟು. ಎರಡು, ಡಿಜಿಟಲ್ ಸಹಿ, ಅಂದರೆ ಡ್ರೈವರ್ ಯಾರದ್ದು, ನಡುವೆ ಯಾರೂ ತಿದ್ದಿಲ್ಲ ಅನ್ನುವುದಕ್ಕೆ ಗುರುತು. ವಿಂಡೋಸ್ ವಿಸ್ತಾದ 64-ಬಿಟ್ ಆವೃತ್ತಿಯಿಂದಲೇ ಸಹಿ ಇಲ್ಲದ ಡ್ರೈವರನ್ನು ವಿಂಡೋಸ್ ಒಳಗೆ ಬಿಡುವುದಿಲ್ಲ. 2016ರಿಂದ ಈ ನಿಯಮ ಇನ್ನಷ್ಟು ಬಿಗಿಯಾಯಿತು. ಮೂರು, ಮೆಮೊರಿ ಇಂಟೆಗ್ರಿಟಿ ಎಂಬ ಕಾವಲುಗಾರ. ಸಹಿ ಇದ್ದ ಡ್ರೈವರನ್ನೂ ಹಳೇ ರೀತಿಯಲ್ಲಿ ಬರೆದದ್ದು ಅನ್ನಿಸಿದರೆ ಇದು ಬಾಗಿಲಲ್ಲೇ ತಡೆಯುತ್ತದೆ.

ಸ್ನ್ಯಾಪ್‌ಡ್ರ್ಯಾಗನ್ ಚಿಪ್ಪಿನ ಹೊಸ ಲ್ಯಾಪ್‌ಟಾಪ್ ತೆಗೆದುಕೊಂಡಿದ್ದರೆ ನಾಲ್ಕನೇ ಕಾರಣವೂ ಇದೆ. ಅದು ಎಆರ್‌ಎಂ ಯಂತ್ರ. ಇಂಟೆಲ್, ಎಎಂಡಿ ಯಂತ್ರಗಳಿಗೆ ಬರೆದ ಡ್ರೈವರ್ ಅಲ್ಲಿ ನಡೆಯುವುದೇ ಇಲ್ಲ. ಅಂಥವರು ನಾಲ್ಕನೇ ಹೆಜ್ಜೆಯವರೆಗೆ ಮಾತ್ರ ಓದಿದರೆ ಸಾಕು.

ಕೈ ಹಾಕುವ ಮೊದಲು

ವಿಂಡೋಸ್ 10ರಿಂದ 11ಕ್ಕೆ ಬಂದು ಇನ್ನೂ 10 ದಿನ ಆಗಿಲ್ಲ ಅಂದರೆ ಹಿಂದಕ್ಕೆ ಹೋಗುವ ದಾರಿ ತೆರೆದಿರುತ್ತದೆ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ಅಲ್ಲಿ 'ಗೋ ಬ್ಯಾಕ್'. ನಾಳೆಯೇ ರೆಕಾರ್ಡಿಂಗ್ ಮಾಡಲೇಬೇಕು ಅನ್ನುವವರು ಸದ್ಯಕ್ಕೆ ಹಿಂದೆ ಹೋಗಿ ಕೆಲಸ ಮುಗಿಸಬಹುದು. ನಾಚಿಕೆ ಏನೂ ಇಲ್ಲ.

ಹಿಂದೆ ಹೋಗುವುದಿಲ್ಲ ಅಂದರೂ ಒಂದು ಕೆಲಸ ಮಾಡಿ. ಸಿ ಡ್ರೈವಿನಲ್ಲಿ 'ವಿಂಡೋಸ್ ಡಾಟ್ ಓಲ್ಡ್' ಅಂತ ಒಂದು ಫೋಲ್ಡರ್ ಇರುತ್ತದೆ. ಹಳೆಯ ವಿಂಡೋಸ್ ಪೂರ್ತಿ ಅದರೊಳಗಿದೆ. ಕೆಲವು ದಿನ ಕಳೆದರೆ ತಾನಾಗಿ ಅಳಿಸಿಹೋಗುತ್ತದೆ. ಅದರ ಒಳಗೆ ವಿಂಡೋಸ್, ಸಿಸ್ಟಮ್32, ಡ್ರೈವರ್‌ಸ್ಟೋರ್, ಫೈಲ್‌ರೆಪೊಸಿಟರಿ ಅಂತ ಇಳಿಯುತ್ತಾ ಹೋದರೆ ನಿನ್ನೆಯವರೆಗೆ ಕೆಲಸ ಮಾಡುತ್ತಿದ್ದ ಡ್ರೈವರ್ ಅಲ್ಲೇ ಸಿಗುತ್ತದೆ. ಫೈಲ್‌ರೆಪೊಸಿಟರಿ ಫೋಲ್ಡರನ್ನು ಇಡೀ ಒಂದು ಪೆನ್‌ಡ್ರೈವಿಗೆ ಕಾಪಿ ಮಾಡಿಟ್ಟುಕೊಳ್ಳಿ. ಇಂಟರ್‌ನೆಟ್ಟಿನಲ್ಲಿ ಎಲ್ಲೂ ಸಿಗದ ಡ್ರೈವರ್ ಎಷ್ಟೋ ಸಲ ನಿಮ್ಮದೇ ಡಿಸ್ಕಿನಲ್ಲಿ ಇರುತ್ತದೆ.

'ನಿಮ್ಮ ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿನಲ್ಲಿ ಸರಿ' ಅನ್ನುವ ಸಾಫ್ಟ್‌ವೇರುಗಳನ್ನು ಮುಟ್ಟಲೇಬೇಡಿ. ಸೌಂಡ್ ಸರಿ ಮಾಡಲು ಹೋಗಿ ಬ್ರೌಸರ್ ತುಂಬ ಜಾಹೀರಾತು ಹತ್ತಿಸಿಕೊಂಡವರನ್ನು ನೋಡಿದ್ದೇನೆ.

ಹೆಜ್ಜೆ 1: ಪೆಟ್ಟಿಗೆ ಬದುಕಿದೆಯಾ?

ಅಪ್‌ಗ್ರೇಡ್ ಮಾಡುವ ಗಡಿಬಿಡಿಯಲ್ಲಿ ವಯರು ಕಳಚಿರಬಹುದು. ಯುಎಸ್‌ಬಿ ಕೇಬಲ್ ಬದಲಿಸಿ ನೋಡಿ. ಹಳೆಯ ಪೆಟ್ಟಿಗೆಗಳಿಗೆ ಪ್ರಿಂಟರಿಗೆ ಹಾಕುವಂಥ ಚೌಕ ತುದಿಯ ಕೇಬಲ್ ಇರುತ್ತದೆ, ಮನೆಯಲ್ಲಿ ಇನ್ನೊಂದು ಇದ್ದೇ ಇರುತ್ತದೆ. ಹಬ್ ತೆಗೆದು ನೇರವಾಗಿ ಸಿಕ್ಕಿಸಿ. ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿನಲ್ಲಿದ್ದರೆ ಕಪ್ಪು ಬಣ್ಣದ ಯುಎಸ್‌ಬಿ 2 ಪೋರ್ಟಿಗೆ ಹಾಕಿ. ಹೊಸ ಲ್ಯಾಪ್‌ಟಾಪಿನಲ್ಲಿ ಕಪ್ಪು ಪೋರ್ಟ್ ಇಲ್ಲವೇ ಇಲ್ಲ ಅಂದರೆ, ಆಗ ಮಾತ್ರ, ಒಂದು ಹಳೆಯ ಯುಎಸ್‌ಬಿ 2 ಹಬ್ಬನ್ನು ನಡುವೆ ಇಡುವುದು ಕೆಲವೊಮ್ಮೆ ಕೆಲಸ ಮಾಡುತ್ತದೆ.

ಇದಕ್ಕಿಂತ ಒಳ್ಳೆಯ ಪರೀಕ್ಷೆ ನಿಮ್ಮ ಜೇಬಿನಲ್ಲೇ ಇದೆ. ಆಂಡ್ರಾಯ್ಡ್ ಫೋನಿಗೆ ಓಟಿಜಿ ಅಡಾಪ್ಟರ್ (ಫೋನಿಗೆ ಯುಎಸ್‌ಬಿ ಸಾಧನ ಸಿಕ್ಕಿಸುವ ತುಂಡು) ಹಾಕಿ ಪೆಟ್ಟಿಗೆಯನ್ನು ಸಿಕ್ಕಿಸಿ. ಫೋನಿನಲ್ಲಿ ಒಂದು ಹಾಡು ಹಚ್ಚಿ. ಪೆಟ್ಟಿಗೆಯ ಹೆಡ್‌ಫೋನಿನಲ್ಲಿ ಹಾಡು ಕೇಳಿದರೆ ಎರಡು ವಿಷಯ ಒಟ್ಟಿಗೇ ಗೊತ್ತಾಯಿತು. ಪೆಟ್ಟಿಗೆ ಬದುಕಿದೆ, ಮತ್ತು ಅದಕ್ಕೆ ತನ್ನದೇ ಡ್ರೈವರ್ ಬೇಕಾಗಿಲ್ಲ. ಫೋನಿಗೆ ನೀವು ಯಾವ ಡ್ರೈವರೂ ಹಾಕಿಲ್ಲವಲ್ಲ! ಹೀಗಾದರೆ ನೇರವಾಗಿ ಮೂರನೇ ಹೆಜ್ಜೆಗೆ ಹೋಗಿ. ದೀಪವೇ ಹತ್ತಲಿಲ್ಲ ಅಂದರೆ ಫೋನಿನ ಕರೆಂಟು ಸಾಲದೆ ಇರಬಹುದು, ತನ್ನದೇ ಕರೆಂಟ್ ಅಡಾಪ್ಟರ್ ಇರುವ ಹಬ್ ನಡುವೆ ಹಾಕಿ ನೋಡಿ.

ಹೆಜ್ಜೆ 2: ಕಂಪ್ಯೂಟರಿಗೆ ಅದು ಕಾಣುತ್ತಿದೆಯಾ?

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. 'ಸೌಂಡ್, ವಿಡಿಯೋ ಆ್ಯಂಡ್ ಗೇಮ್ ಕಂಟ್ರೋಲರ್ಸ್' ಸಾಲನ್ನು ಬಿಡಿಸಿ. ಅಲ್ಲಿ ಕಾಣದಿದ್ದರೆ 'ಅದರ್ ಡಿವೈಸಸ್' ಕೆಳಗೆ ಹಳದಿ ಗುರುತು ಹೊತ್ತು ಕೂತಿರಬಹುದು. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಒಂದು ಕೋಡ್ ನಂಬರ್ ಕಾಣುತ್ತದೆ. ಡಾಕ್ಟರ ಚೀಟಿ ಇದ್ದ ಹಾಗೆ, ಈ ನಂಬರಿನಲ್ಲೇ ಅರ್ಧ ಉತ್ತರ ಇದೆ.

ಕೋಡ್ 28 ಅಂದರೆ ಡ್ರೈವರೇ ಇಲ್ಲ. ಕೋಡ್ 10, ಡ್ರೈವರ್ ಇದೆ ಆದರೆ ಡಿವೈಸ್ ಶುರುವಾಗುತ್ತಿಲ್ಲ. ಕೋಡ್ 52, ಸಹಿಯ ತಕರಾರು. ಕೋಡ್ 39 ಬಂದರೆ ಡ್ರೈವರ್ ಹಾಳಾಗಿದೆ ಅಥವಾ ಲೋಡ್ ಆಗುತ್ತಿಲ್ಲ. ಇದರ ಹಿಂದೆ ಎಷ್ಟೋ ಸಲ ಮೆಮೊರಿ ಇಂಟೆಗ್ರಿಟಿಯ ಕೈವಾಡ ಇರುತ್ತದೆ. ಯಾವ ಕೋಡೂ ಇಲ್ಲ, 'ಸರಿಯಾಗಿ ಕೆಲಸ ಮಾಡುತ್ತಿದೆ' ಅಂತ ಬರೆದಿದೆ, ಆದರೂ ಸದ್ದಿಲ್ಲ ಅಂದರೆ ಅದು ನನ್ನ ಕೇಸು. ಮೂರನೇ ಹೆಜ್ಜೆಯಲ್ಲಿದೆ.

ಪಟ್ಟಿಯಲ್ಲಿ ಬರೀ 'ಅನ್‌ನೋನ್ ಡಿವೈಸ್' ಅಂತಿದ್ದರೆ ಡೀಟೇಲ್ಸ್ ಟ್ಯಾಬಿಗೆ ಹೋಗಿ 'ಹಾರ್ಡ್‌ವೇರ್ ಐಡೀಸ್' ಆರಿಸಿ. ಯುಎಸ್‌ಬಿ ಆದರೆ ವಿಐಡಿ ಅನ್ನುವುದರ ಪಕ್ಕ ನಾಲ್ಕು ಅಂಕಿ-ಅಕ್ಷರ, ಪಿಐಡಿ ಪಕ್ಕ ಇನ್ನು ನಾಲ್ಕು. ಮೊದಲಿನದು ಕಂಪನಿ, ಎರಡನೆಯದು ಮಾಡೆಲ್. 0582 ಇದ್ದರೆ ರೋಲ್ಯಾಂಡ್, ಎಡಿರೋಲ್ ಪೆಟ್ಟಿಗೆಗಳೂ ಇದರಲ್ಲೇ ಬಂದವು. ಒಳಗಿನ ಕಾರ್ಡುಗಳಿಗೆ ವಿಐಡಿ ಬದಲು ವಿಇಎನ್ ಅಂತ ಇರುತ್ತದೆ, 1102 ಅಂದರೆ ಕ್ರಿಯೇಟಿವ್. ಈ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದೆ ಡ್ರೈವರ್ ಹುಡುಕಬೇಕಾಗಿ ಬಂದರೆ ಡಬ್ಬದ ಮೇಲಿನ ಹೆಸರಿಗಿಂತ ಇದನ್ನೇ ನಂಬಬೇಕು.

ಏನೂ ಕಾಣುವುದೇ ಇಲ್ಲ, ಸಿಕ್ಕಿಸಿದಾಗ 'ಟಿಂಗ್' ಸದ್ದೂ ಬರುವುದಿಲ್ಲ ಅಂದರೆ ಸಾಫ್ಟ್‌ವೇರ್ ಬಿಡಿ, ಮತ್ತೆ ಒಂದನೇ ಹೆಜ್ಜೆಗೆ ಹೋಗಿ.

ಹೆಜ್ಜೆ 3: ಪರ್ಮಿಷನ್ ಮತ್ತು ಸೆಟ್ಟಿಂಗ್

ನನ್ನ ಎರಡು ರಾತ್ರಿ ನುಂಗಿದ ಜಾಗ ಇದು. ಸೆಟ್ಟಿಂಗ್ಸ್, 'ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ', ಮೈಕ್ರೋಫೋನ್. ಅಲ್ಲಿ ಮೂರು ಸ್ವಿಚ್ ಗಮನಿಸಿ. ಮೈಕ್ರೋಫೋನ್ ಆ್ಯಕ್ಸೆಸ್, ಆ್ಯಪ್‌ಗಳಿಗೆ ಅನುಮತಿ, ಮತ್ತು ಕೆಳಗೆ ಇಳಿದರೆ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಅನುಮತಿ. ಆಡಾಸಿಟಿ, ರೀಪರ್ ಇವೆಲ್ಲ ಡೆಸ್ಕ್‌ಟಾಪ್ ಆ್ಯಪ್. ಹಾಗಾಗಿ ಮೂರನೆಯದೂ ಆನ್ ಇರಲೇಬೇಕು. ಲೈನ್-ಇನ್ (ಡೆಕ್ಕಿನಂಥ ಯಂತ್ರದ ಸೌಂಡ್ ಒಳಗೆ ತರುವ ಜ್ಯಾಕ್) ಇರಲಿ, ಕ್ಯಾಸೆಟ್ ಡೆಕ್ ಇರಲಿ, ಎಲ್ಲಕ್ಕೂ ಇದೇ ಬಾಗಿಲು.

ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್. ಪುಟದ ಬುಡದಲ್ಲಿ 'ಮೋರ್ ಸೌಂಡ್ ಸೆಟ್ಟಿಂಗ್ಸ್' ಅಂತಿದೆ, ಒತ್ತಿದರೆ ಹಳೆಯ ಕಾಲದ ಕಿಟಕಿ ತೆರೆಯುತ್ತದೆ. ಹೊಸ ಪುಟಗಳಿಗಿಂತ ನನಗೆ ಇದೇ ಇಷ್ಟ, ಎಲ್ಲ ಒಂದೇ ಕಡೆ ಇದೆ. ರೆಕಾರ್ಡಿಂಗ್ ಟ್ಯಾಬಿನಲ್ಲಿ ಖಾಲಿ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ 'ಶೋ ಡಿಸೇಬಲ್ಡ್ ಡಿವೈಸಸ್' ಆರಿಸಿ. ಅಪ್‌ಗ್ರೇಡ್ ಆದಾಗ ಕೆಲವು ಡಿವೈಸ್ ಡಿಸೇಬಲ್ ಆಗಿ ಕಣ್ಮರೆಯಾಗಿರುತ್ತವೆ. ಬೂದು ಬಣ್ಣದಲ್ಲಿ ಕಂಡರೆ ಎನೇಬಲ್ ಮಾಡಿ. ಡೆಕ್ಕಿನಲ್ಲಿ ಕ್ಯಾಸೆಟ್ ಓಡಿಸಿ, ಹೆಸರಿನ ಪಕ್ಕದ ಸಣ್ಣ ಮೀಟರಿನಲ್ಲಿ ಹಸಿರು ಪಟ್ಟಿ ಮೇಲೆ ಕೆಳಗೆ ಆಡುತ್ತಿದೆಯಾ ನೋಡಿ. ಆಡುತ್ತಿದ್ದರೆ ವಿಂಡೋಸಿಗೆ ಸೌಂಡ್ ಬರುತ್ತಿದೆ. ತೊಂದರೆ ಇನ್ನು ನಿಮ್ಮ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಮಾತ್ರ.

ಅದೇ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ಅಡ್ವಾನ್ಸ್ಡ್ ಟ್ಯಾಬಿಗೆ ಹೋಗಿ. ಅಲ್ಲಿ ಫಾರ್ಮ್ಯಾಟ್ ಇದೆ. 16 ಬಿಟ್, 44100 ಹರ್ಟ್ಜ್, 2 ಚಾನೆಲ್ ಇಡಿ. ಪೆಟ್ಟಿಗೆಯ ಮೇಲೂ ಸ್ಯಾಂಪಲ್ ರೇಟಿನ (ಸೆಕೆಂಡಿಗೆ ಎಷ್ಟು ಸಲ ಸೌಂಡ್ ಅಳೆಯಬೇಕು ಅನ್ನುವ ನಂಬರಿನ) ಸ್ವಿಚ್ ಇದ್ದರೆ ಅದೂ 44.1ರಲ್ಲೇ ಇರಬೇಕು. ಇವೆರಡು ಜಗಳ ಆಡಿದರೆ ಕೆಲವೊಮ್ಮೆ ಸೌಂಡೇ ಬರುವುದಿಲ್ಲ. ಕೆಲವೊಮ್ಮೆ ಬರುತ್ತದೆ, ಆದರೆ ಶ್ರುತಿ ಕೆಟ್ಟು ಬರುತ್ತದೆ. 48ರಲ್ಲಿ ತುಂಬಿಸಿದ್ದನ್ನು 44.1 ಎಂದುಕೊಂಡು ನುಡಿಸಿದರೆ ಶ್ರುತಿ ಹಾರ್ಮೋನಿಯಮ್ಮಿನ ಸುಮಾರು ಒಂದೂವರೆ ಮನೆ ಕೆಳಗೆ ಬೀಳುತ್ತದೆ. ಭಾಗವತರು ಕಪ್ಪು ಎರಡರಲ್ಲಿ ಹಾಡಿದ್ದು ಬಿಳಿ ಎರಡಕ್ಕಿಂತಲೂ ಕೆಳಗೆ ಕೇಳುತ್ತದೆ, ಪದ ನಿಧಾನ ಆಗುತ್ತದೆ, ಗಂಟಲು ದಪ್ಪ ಆಗುತ್ತದೆ. 'ಕ್ಯಾಸೆಟ್ ಹಳೆಯದಾಯಿತು' ಅಂತ ಕ್ಯಾಸೆಟ್ಟನ್ನು ಬೈಯುವ ಮೊದಲು ಈ ನಂಬರ್ ನೋಡಿ.

ಅದೇ ಟ್ಯಾಬಿನಲ್ಲಿ ಆಡಿಯೋ ಎನ್‌ಹಾನ್ಸ್‌ಮೆಂಟ್ ಇದ್ದರೆ ಆಫ್ ಮಾಡಿ. ಮೀಟಿಂಗಿನ ಮಾತು ಸ್ಪಷ್ಟ ಮಾಡಲು ಇಟ್ಟ ಸೌಕರ್ಯ ಅದು, ಮದ್ದಳೆಯ ನಾದವನ್ನು ಗಲಾಟೆ ಅಂದುಕೊಂಡು ಸವರಿ ಹಾಕುತ್ತದೆ.

ಆಡಾಸಿಟಿಯವರಿಗೆ ಎರಡು ಮಾತು. ಪೆಟ್ಟಿಗೆಯನ್ನು ಸಾಫ್ಟ್‌ವೇರ್ ತೆರೆದ ಮೇಲೆ ಸಿಕ್ಕಿಸಿದರೆ ಅದಕ್ಕೆ ಗೊತ್ತಾಗುವುದಿಲ್ಲ. 'ರೀಸ್ಕ್ಯಾನ್ ಆಡಿಯೋ ಡಿವೈಸಸ್' ಕೊಡಿ, ಅಥವಾ ಮುಚ್ಚಿ ತೆರೆಯಿರಿ. ಹೋಸ್ಟ್ (ಆಡಾಸಿಟಿ ವಿಂಡೋಸಿನಿಂದ ಸೌಂಡ್ ಪಡೆಯುವ ದಾರಿ) ಅನ್ನುವಲ್ಲಿ ಎಂಎಂಇ ಇದ್ದು ತಕರಾರು ಬಂದರೆ ವಸಾಪಿ ಅಥವಾ ಡೈರೆಕ್ಟ್‌ಸೌಂಡ್ ಮಾಡಿ ನೋಡಿ.

ಹೆಜ್ಜೆ 4: ಕಂಪನಿಯ ಡ್ರೈವರ್ ಇಲ್ಲದೆ ನಡೆಸುವುದು

ಯುಎಸ್‌ಬಿ ಆಡಿಯೋ ಕ್ಲಾಸ್ ಅಂತ ಒಂದು ಒಪ್ಪಿತ ಪದ್ಧತಿ ಇದೆ. ಮೊದಲನೆಯದು 1998ರದ್ದು, ಎರಡನೆಯದು 2006ರದ್ದು. ಈ ಪದ್ಧತಿಯಂತೆ ಮಾತಾಡುವ ಪೆಟ್ಟಿಗೆಗೆ ಆಪರೇಟಿಂಗ್ ಸಿಸ್ಟಮ್ಮಿನ ಜೊತೆಗೇ ಬರುವ ಡ್ರೈವರ್ ಸಾಕು. ತಮಾಷೆ ಅಂದರೆ, ಹಳೆಯ ಕ್ಲಾಸ್ 1ಕ್ಕೆ ವಿಂಡೋಸಿನಲ್ಲಿ ಬಹಳ ಹಿಂದಿನಿಂದಲೇ ಬೆಂಬಲ ಇತ್ತು. ಹೊಸ ಕ್ಲಾಸ್ 2ಕ್ಕೆ ಅದು ಸಿಕ್ಕಿದ್ದು 2017ರ ವಿಂಡೋಸ್ 10ರ 1703 ಆವೃತ್ತಿಯಲ್ಲಿ. ಅಂದರೆ ಎಷ್ಟೋ ಸಲ 2005ರ ಸಾದಾ ಪೆಟ್ಟಿಗೆಯೇ 2012ರ ಜಬರದಸ್ತ್ ಪೆಟ್ಟಿಗೆಗಿಂತ ಸಲೀಸಾಗಿ ನಡೆಯುತ್ತದೆ.

ಮೊದಲು ಪೆಟ್ಟಿಗೆಯನ್ನೇ ತಿರುಗಿಸಿ ನೋಡಿ. ಎಡಿರೋಲ್ ಯುಎ-25 ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ 'ಅಡ್ವಾನ್ಸ್' ಅಂತ ಒಂದು ಸಣ್ಣ ಸ್ವಿಚ್ ಇದೆ. ಆನ್ ಇದ್ದರೆ ರೋಲ್ಯಾಂಡಿನ ಡ್ರೈವರ್ ಬೇಕೇ ಬೇಕು. ಆಫ್ ಮಾಡಿದರೆ ಸಾದಾ ಯುಎಸ್‌ಬಿ ಆಡಿಯೋ ಪೆಟ್ಟಿಗೆ ಆಗುತ್ತದೆ, 16 ಬಿಟ್ 44.1 ಕಿಲೋಹರ್ಟ್ಜ್‌ನಲ್ಲಿ ಕೆಲಸ ಮಾಡುತ್ತದೆ. ಸ್ವಿಚ್ ಬದಲಿಸಿದ ಮೇಲೆ ಯುಎಸ್‌ಬಿ ಕೇಬಲ್ ಕಿತ್ತು ಮತ್ತೆ ಹಾಕಬೇಕು, ಇಲ್ಲದಿದ್ದರೆ ಬದಲಾದದ್ದು ಕಂಪ್ಯೂಟರಿಗೆ ತಿಳಿಯುವುದಿಲ್ಲ. 24 ಬಿಟ್ ಹೋಯಿತಲ್ಲ ಅಂತ ಬೇಜಾರಾ? ಕ್ಯಾಸೆಟ್ಟಿನ ಹಿಸ್ ಶಬ್ದದ ಮುಂದೆ 16 ಬಿಟ್ ಧಾರಾಳವಾಯಿತು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಸ್ವಿಚ್ ಇಲ್ಲದ ಪೆಟ್ಟಿಗೆಗೆ ಸಾದಾ ಡ್ರೈವರನ್ನು ನಾವೇ ಕೈಹಿಡಿದು ತೋರಿಸಬೇಕು. ಡಿವೈಸ್ ಮ್ಯಾನೇಜರಿನಲ್ಲಿ ಅದರ ಮೇಲೆ ರೈಟ್ ಕ್ಲಿಕ್, 'ಅಪ್‌ಡೇಟ್ ಡ್ರೈವರ್'. 'ಬ್ರೌಸ್ ಮೈ ಕಂಪ್ಯೂಟರ್' ಒತ್ತಿ. ಮುಂದಿನ ಪುಟದಲ್ಲಿ ಕೆಳಗಿನ ಆಯ್ಕೆ, 'ಲೆಟ್ ಮಿ ಪಿಕ್' ಅಂತ ಶುರುವಾಗುವುದು. ಪಟ್ಟಿಯಲ್ಲಿ 'ಯುಎಸ್‌ಬಿ ಆಡಿಯೋ ಡಿವೈಸ್' ಇದ್ದರೆ ಅದನ್ನು ಆರಿಸಿ ಮುಂದುವರಿಯಿರಿ. 'ಶೋ ಕಂಪ್ಯಾಟಿಬಲ್ ಹಾರ್ಡ್‌ವೇರ್' ಮೇಲಿನ ಗುರುತು ಹಾಗೇ ಇರಲಿ. ಗುರುತು ಇದ್ದಾಗಲೂ ಆ ಹೆಸರು ಕಂಡರೆ ಪೆಟ್ಟಿಗೆ ಆ ಪದ್ಧತಿ ಬಲ್ಲದು ಎಂದೇ ಅರ್ಥ. ಗುರುತು ತೆಗೆದು ಒತ್ತಾಯದಿಂದ ಬೇರೆ ಡ್ರೈವರ್ ತುರುಕಿದರೆ ಸಾಮಾನ್ಯವಾಗಿ ಕೋಡ್ 10 ಸಿಗುತ್ತದೆ, ಕೆಲವೊಮ್ಮೆ ನೀಲಿ ಪರದೆ.

ಮದರ್‌ಬೋರ್ಡಿನ ಸೌಂಡಿಗೂ ಇದೇ ದಾರಿ. ರಿಯಲ್‌ಟೆಕ್ ಡ್ರೈವರ್ ಅಪ್‌ಗ್ರೇಡ್ ಆದ ಮೇಲೆ ಹಟ ಹಿಡಿದರೆ ಇದೇ ಪಟ್ಟಿಯಲ್ಲಿ 'ಹೈ ಡೆಫಿನಿಷನ್ ಆಡಿಯೋ ಡಿವೈಸ್' ಇರುತ್ತದೆ, ಅದನ್ನು ಆರಿಸಿ. ಈಕ್ವಲೈಸರ್, ಬಣ್ಣದ ಪ್ಯಾನೆಲ್ ಹೋಗುತ್ತದೆ. ಸೌಂಡ್ ಬರುತ್ತದೆ. ಹಳೆಯ ಕ್ಯಾಬಿನೆಟ್ಟಿನ ಮುಂದಿನ ಜ್ಯಾಕ್ ಮಾತ್ರ ಸತ್ತಿದ್ದರೆ ಕಾರಣ ಬೇರೆ: ಎಸಿ97 ಎಂಬ ಹಳೆಯ ಸೌಂಡ್ ಪದ್ಧತಿಯ ಕಾಲದ ಆ ಜ್ಯಾಕಿಗೆ ಪಿನ್ ಸಿಕ್ಕಿಸಿದ್ದು ಗೊತ್ತಾಗುವ ವಯರಿಂಗ್ ಇಲ್ಲ. ಬಯಾಸಿನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟದಲ್ಲಿ) ಫ್ರಂಟ್ ಪ್ಯಾನೆಲ್ ಅನ್ನುವುದನ್ನು ಎಸಿ97ಕ್ಕೆ ಬದಲಿಸಿ ನೋಡಿ.

ಹಾಡುತ್ತಾ ತನ್ನದೇ ಧ್ವನಿಯನ್ನು ಹೆಡ್‌ಫೋನಿನಲ್ಲಿ ಕೇಳಬೇಕಾದವರಿಗೆ ಸಾದಾ ಡ್ರೈವರಿನಲ್ಲಿ ಸ್ವಲ್ಪ ತಡ ಅನ್ನಿಸಬಹುದು. ಎಎಸ್‌ಐಓ (ಈ ತಡ ಕಡಿಮೆ ಮಾಡುವ ಡ್ರೈವರ್ ಪದ್ಧತಿ) ಬೇಡುವ ಸಾಫ್ಟ್‌ವೇರ್ ಬಳಸುವವರು ಎಎಸ್‌ಐಓ4ಆಲ್ ಹಾಕಿಕೊಳ್ಳಬಹುದು. ಅದು ಸಾದಾ ಡ್ರೈವರಿನ ಮೇಲೆಯೇ ಕೂತು ಕೆಲಸ ಮಾಡುತ್ತದೆ. ಕ್ಯಾಸೆಟ್ ಇಳಿಸುವವರಿಗೆ ಇದರ ಗೊಡವೆಯೇ ಬೇಡ.

ಹೆಜ್ಜೆ 5: ಈಗ ಡ್ರೈವರ್

ಇಲ್ಲಿಯವರೆಗೆ ಬಂದರೂ ಸದ್ದಿಲ್ಲ ಅಂದರೆ ನಿಮ್ಮ ಪೆಟ್ಟಿಗೆಗೆ ತನ್ನದೇ ಡ್ರೈವರ್ ಬೇಕು. ತಯಾರಿಸಿದ ಕಂಪನಿಯ ಸೈಟಿಗೇ ಹೋಗಿ. ವಿಂಡೋಸ್ 11 ಅಂತ ಬರೆದದ್ದೇ ಬೇಕಿಲ್ಲ. ವಿಂಡೋಸ್ 10ರ 64-ಬಿಟ್ ಡ್ರೈವರ್ ಬಹಳ ಕಡೆ ನಡೆಯುತ್ತದೆ. 8.1 ಅಥವಾ 7ರ 64-ಬಿಟ್ ಇದ್ದರೂ ಪ್ರಯತ್ನಿಸಬಹುದು.

ಮೊದಲು ಹಳೆಯದನ್ನು ಗುಡಿಸಿ. ಪೆಟ್ಟಿಗೆಯನ್ನು ಕಳಚಿ, ಡಿವೈಸ್ ಮ್ಯಾನೇಜರಿನ ವ್ಯೂ ಮೆನುವಿನಲ್ಲಿ 'ಶೋ ಹಿಡನ್ ಡಿವೈಸಸ್' ಕೊಡಿ. ಮಂಕಾಗಿ ಕಾಣುವ ಅದರ ಹಳೆಯ ನಮೂದನ್ನು ಅನ್‌ಇನ್‌ಸ್ಟಾಲ್ ಮಾಡಿ, ಡ್ರೈವರನ್ನೂ ತೆಗೆಯುವ ಚೌಕಕ್ಕೆ ಗುರುತು ಹಾಕಿ. ರೀಸ್ಟಾರ್ಟ್ ಮಾಡಿ. ಆಮೇಲೆ ಹೊಸ ಡ್ರೈವರ್ ಹಾಕಿ, ಇನ್‌ಸ್ಟಾಲರ್ ಹೇಳಿದ ಮೇಲೆಯೇ ಪೆಟ್ಟಿಗೆ ಸಿಕ್ಕಿಸಿ. ಈ ಕ್ರಮ ತಪ್ಪಿದ್ದಕ್ಕೇ ಹಳೆಯ ಪೆಟ್ಟಿಗೆಗಳು ಎಷ್ಟೋ ಸಲ ಹೆಸರಿಲ್ಲದೆ ಉಳಿಯುತ್ತವೆ.

ಇನ್‌ಸ್ಟಾಲರ್ 'ಈ ವಿಂಡೋಸ್ ನನಗೆ ಗೊತ್ತಿಲ್ಲ' ಅಂತ ಹಿಂದೆ ಸರಿದರೆ ಕಂಪ್ಯಾಟಿಬಿಲಿಟಿ ಟ್ಯಾಬಿನಲ್ಲಿ ವಿಂಡೋಸ್ 7 ಅಥವಾ 8 ಆರಿಸಿ. ಇದರಿಂದ ಮೋಸ ಹೋಗುವುದು ಇನ್‌ಸ್ಟಾಲರ್ ಮಾತ್ರ. ಒಳಗಿನ ಡ್ರೈವರ್ ತನ್ನ ಯೋಗ್ಯತೆಯಿಂದಲೇ ನಡೆಯಬೇಕು. ಅದಕ್ಕೂ ಬಗ್ಗದಿದ್ದರೆ ಇನ್‌ಸ್ಟಾಲರನ್ನು 7-ಜಿಪ್‌ನಲ್ಲಿ ಬಿಡಿಸಿ, ಒಳಗೆ ಐಎನ್‌ಎಫ್ ಎಂದು ಕೊನೆಯಾಗುವ ಫೈಲ್ ಇರುವ ಫೋಲ್ಡರ್ ಹುಡುಕಿ. ಅಪ್‌ಡೇಟ್ ಡ್ರೈವರಿನ 'ಬ್ರೌಸ್'ನಲ್ಲಿ ಆ ಫೋಲ್ಡರ್ ತೋರಿಸಿ. ಪೆನ್‌ಡ್ರೈವಿಗೆ ಕಾಪಿ ಮಾಡಿದ ಫೈಲ್‌ರೆಪೊಸಿಟರಿಯನ್ನೂ ಹೀಗೇ ತೋರಿಸಬಹುದು. ಬೇಕಾದ್ದನ್ನು ವಿಂಡೋಸೇ ಆರಿಸಿಕೊಳ್ಳುತ್ತದೆ.

ಐಎನ್‌ಎಫ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಒಂದೆರಡು ಸಾಲು ಬದಲಿಸಿದರೆ ಆಯಿತು ಅಂತ ನಿಮಗೆ ಯಾರಾದರೂ ಹೇಳೇ ಹೇಳುತ್ತಾರೆ. ಒಂದು ಅಕ್ಷರ ಮುಟ್ಟಿದರೂ ಅದರ ಸಹಿ ಮುರಿಯುತ್ತದೆ. ಆಮೇಲೆ ಹಾಕಬೇಕಾದರೆ ಸಹಿ ಪರೀಕ್ಷೆಯನ್ನೇ ನಿಲ್ಲಿಸಬೇಕು. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟು, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್‌ನಲ್ಲಿ 7 ಒತ್ತಿದರೆ ಅದು ಮುಂದಿನ ರೀಸ್ಟಾರ್ಟಿನವರೆಗೆ ನಿಲ್ಲುತ್ತದೆ. ಕಾಯಂ ನಿಲ್ಲಿಸಲು ಟೆಸ್ಟ್ ಮೋಡ್ ಇದೆ, ಅದಕ್ಕೆ ಸೆಕ್ಯೂರ್ ಬೂಟ್ ಎಂಬ, ಕಂಪ್ಯೂಟರ್ ಶುರುವಾಗುವಾಗಿನ ಕಾವಲನ್ನು ತೆಗೆಯಬೇಕು. ಬ್ಯಾಂಕಿನ ಕೆಲಸವನ್ನೂ ಮಾಡುವ ಕಂಪ್ಯೂಟರಿನಲ್ಲಿ ನಾನಂತೂ ಇದನ್ನು ಮಾಡುವುದಿಲ್ಲ. ಮಾಡುವವರು ಮೊದಲು ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಎಲ್ಲಿದೆ ಅಂತ ಹುಡುಕಿ ಬರೆದಿಟ್ಟುಕೊಳ್ಳಿ. ಸೆಕ್ಯೂರ್ ಬೂಟ್ ಮುಟ್ಟಿದ ಮೇಲೆ ಕಂಪ್ಯೂಟರ್ 48 ಅಂಕಿಯ ಆ ಕೀ ಕೇಳಿ ಕೂತರೆ, ಆಗ ಹುಡುಕಲು ಆಗುವುದಿಲ್ಲ.

ಮೆಮೊರಿ ಇಂಟೆಗ್ರಿಟಿ ಅಡ್ಡ ಬಂದಿದೆಯಾ ನೋಡಲು ವಿಂಡೋಸ್ ಸೆಕ್ಯುರಿಟಿ, ಡಿವೈಸ್ ಸೆಕ್ಯುರಿಟಿ, ಕೋರ್ ಐಸೊಲೇಷನ್ ತೆರೆಯಿರಿ. ಅಲ್ಲಿ ಅದನ್ನು ಆಫ್ ಮಾಡಿ ರೀಸ್ಟಾರ್ಟ್ ಮಾಡಿದಾಗ ಪೆಟ್ಟಿಗೆ ಎದ್ದು ಕೂತರೆ ಅಪರಾಧಿ ಸಿಕ್ಕಿದ. ಪರೀಕ್ಷೆಗೆ ಇಷ್ಟು ಸರಿ. ಕಾಯಂ ಆಫ್ ಇಡುವುದು ಒಳ್ಳೆಯದಲ್ಲ. ಮತ್ತೆ ಆನ್ ಮಾಡಿ, ಕೆಳಗಿನ ದಾರಿಗಳನ್ನು ನೋಡಿ.

ಸೌಂಡ್ ಬರುತ್ತದೆ ಆದರೆ ಆಗಾಗ ಚಟ್ ಚಟ್ ಅನ್ನುತ್ತದೆ, ಅಥವಾ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ ಅಂದರೆ ಅದು ಹೆಚ್ಚಾಗಿ ಕರೆಂಟು ಉಳಿಸುವ ಚಟ. ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ರೂಟ್ ಹಬ್ ತೆರೆದು ಪವರ್ ಮ್ಯಾನೇಜ್‌ಮೆಂಟಿನ ಗುರುತು ತೆಗೆಯಿರಿ.

ಪಿಸಿಐ ಕಾರ್ಡ್, ಫೈರ್‌ವೈರ್ ಇಟ್ಟುಕೊಂಡವರಿಗೆ

ಪಿಸಿಐ ಕಾರ್ಡ್ ಅಂದರೆ ಮದರ್‌ಬೋರ್ಡಿನೊಳಗೆ ಸಿಕ್ಕಿಸುವ ಹಳೆಯ ಬಗೆಯ ಕಾರ್ಡ್. ಉದಾಹರಣೆಗೆ, ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ ಲೈವ್ 1998ರದ್ದು. ಆ ಕಾಲದ ಕಾರ್ಡ್ ಹಾಕಲು ಹೊಸ ಮದರ್‌ಬೋರ್ಡುಗಳಲ್ಲಿ ಪಿಸಿಐ ಜಾಗವೇ ಇರುವುದಿಲ್ಲ. ಇದ್ದರೂ ವಿಂಡೋಸ್ 11ಕ್ಕೆ ಕಂಪನಿಯ ಡ್ರೈವರ್ ಇಲ್ಲ. ಲಿನಕ್ಸಿನಲ್ಲಿ ಇದಕ್ಕೆ ಇಂದಿಗೂ ಡ್ರೈವರ್ ಇದೆ.

ಫೈರ್‌ವೈರ್ (ಯುಎಸ್‌ಬಿಯಂಥದೇ ಇನ್ನೊಂದು ಹಳೆಯ ಕೇಬಲ್ ಪದ್ಧತಿ) ಪೆಟ್ಟಿಗೆಗೆ ಕೊನೆಯ ಗಟ್ಟಿ ನೆಲೆಯೂ ಲಿನಕ್ಸೇ. ಅಲ್ಲಿ ಅದನ್ನು ನೋಡಿಕೊಳ್ಳುವವರು 2029ರವರೆಗೆ ಬೆಂಬಲ ಇರುತ್ತದೆ ಎಂದಿದ್ದಾರೆ. ವಿಂಡೋಸಿನಲ್ಲಿ ನಡೆಸಲೇಬೇಕಾದವರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ಪಿರುವ ಫೈರ್‌ವೈರ್ ಕಾರ್ಡ್ ಹುಡುಕಿ, ಜೊತೆಗೆ ಮೈಕ್ರೋಸಾಫ್ಟಿನ 1394 ಲೆಗಸಿ ಡ್ರೈವರ್ ಹಾಕಿ ನೋಡಬಹುದು. ತಾಳ್ಮೆ ಬೇಕು.

ಲಿನಕ್ಸ್: ಹಾಕದೆಯೇ ಪರೀಕ್ಷೆ

ಲಿನಕ್ಸ್ ಅಂದ ಕೂಡಲೇ ಹೆದರಬೇಡಿ. ನಿಮ್ಮ ವಿಂಡೋಸನ್ನು ಮುಟ್ಟುವ ಅಗತ್ಯವಿಲ್ಲ. 8 ಜಿಬಿ ಪೆನ್‌ಡ್ರೈವಿಗೆ ಉಬುಂಟು ಅಥವಾ ಮಿಂಟ್ ಬರೆದು ಅದರಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆ 'ಟ್ರೈ' ಆರಿಸಿ. ಪೆಟ್ಟಿಗೆ ಸಿಕ್ಕಿಸಿ ಸೌಂಡ್ ಸೆಟ್ಟಿಂಗ್ ತೆರೆಯಿರಿ. ಹೆಸರು ಕಂಡರೆ ಹಾಡು ಹಚ್ಚಿ. ಹತ್ತು ನಿಮಿಷದ ಕೆಲಸ.

ಹೆಸರಿದೆ, ಸದ್ದಿಲ್ಲ ಅಂದರೆ ಟರ್ಮಿನಲ್ ತೆರೆದು ಅಲ್ಸಾಮಿಕ್ಸರ್ (alsamixer) ಎಂಬ ವಾಲ್ಯೂಮ್ ಪ್ಯಾನೆಲ್ ಓಡಿಸಿ. ಎಫ್6 ಒತ್ತಿ ಪೆಟ್ಟಿಗೆಯನ್ನು ಆರಿಸಿ. ಕಂಬದ ಕೆಳಗೆ ಎರಡು 'ಎಂ' ಕಂಡರೆ ಅದು ಮ್ಯೂಟ್ ಆಗಿದೆ. 'ಎಂ' ಕೀ ಒತ್ತಿದರೆ ಎರಡು ಸೊನ್ನೆ ಆಗುತ್ತದೆ, ಬಾಣದ ಕೀಲಿಯಿಂದ ಮೇಲೇರಿಸಿ. ರೆಕಾರ್ಡಿಂಗಿಗೆ ಎಫ್4 ಒತ್ತಿ, ಬೇಕಾದ ಇನ್‌ಪುಟ್ಟಿನ ಮೇಲೆ ಸ್ಪೇಸ್ ಬಾರ್. ಹಳೆಯ ಕಾರ್ಡುಗಳು ಲಿನಕ್ಸಿನಲ್ಲಿ 'ಕೆಲಸ ಮಾಡುವುದಿಲ್ಲ' ಅನ್ನಿಸುವುದು ಹೆಚ್ಚಾಗಿ ಈ ಮ್ಯೂಟಿನಿಂದಲೇ.

ಇನ್ನೊಂದು ದಾರಿ ನನಗೆ ತುಂಬ ಹಿಡಿಸಿದ್ದು. ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 7 ಇದ್ದರೆ ಅದನ್ನು ಬರೀ ರೆಕಾರ್ಡಿಂಗಿಗೆ ಇಡಿ. ವೈಫೈ ಪೂರ್ತಿ ಆಫ್, ಬ್ರೌಸಿಂಗ್ ಇಲ್ಲ, ಬ್ಯಾಂಕಿಂಗ್ ಇಲ್ಲ. ಫೈಲನ್ನು ಪೆನ್‌ಡ್ರೈವಿನಲ್ಲಿ ಸಾಗಿಸಿ. ಆಗ ಅದು ಕಂಪ್ಯೂಟರ್ ಅಲ್ಲ, ಟೇಪ್ ರೆಕಾರ್ಡರ್ ಅಂದುಕೊಳ್ಳಿ.

ಮ್ಯಾಕ್ ಬಳಸುವವರಿಗೆ

ಕ್ಲಾಸ್ ಪದ್ಧತಿಯ ಪೆಟ್ಟಿಗೆಗಳು ಮ್ಯಾಕಿನಲ್ಲಿ ಡ್ರೈವರ್ ಇಲ್ಲದೆ ನಡೆಯುತ್ತವೆ, 'ಆಡಿಯೋ ಮಿಡಿ ಸೆಟಪ್'ನಲ್ಲಿ ನೋಡಿ. 2019ರ ಮ್ಯಾಕ್ ಆವೃತ್ತಿ ಕ್ಯಾಟಲಿನಾದಲ್ಲಿ 32-ಬಿಟ್ ಆ್ಯಪ್‌ಗಳು ನಿಂತವು, ಹಾಗಾಗಿ ಪೆಟ್ಟಿಗೆಯ ಜೊತೆ ಬಂದ ಹಳೆಯ ಕಂಟ್ರೋಲ್ ಪ್ಯಾನೆಲ್ ತೆರೆಯದೇ ಇರಬಹುದು. ಆ್ಯಪಲ್ ಸಿಲಿಕಾನ್ ಯಂತ್ರದಲ್ಲಿ ಹಳೇ ಮಾದರಿಯ ಕರ್ನಲ್ ಡ್ರೈವರ್ ಹಾಕಲು ರಿಕವರಿಗೆ ಹೋಗಿ ಸೆಕ್ಯುರಿಟಿಯನ್ನು 'ರೆಡ್ಯೂಸ್ಡ್'ಗೆ ಇಳಿಸಬೇಕಾಗುತ್ತದೆ. 2025ರ ಆವೃತ್ತಿ ಟಾಹೋದಲ್ಲಿ ಫೈರ್‌ವೈರ್ ಬೆಂಬಲವೇ ಇಲ್ಲ. ಫೈರ್‌ವೈರ್ ಪೆಟ್ಟಿಗೆ ಇದ್ದರೆ ಆ ಅಪ್‌ಗ್ರೇಡ್ ಮಾಡಲೇಬೇಡಿ.

ಯಾವುದೂ ಆಗಲಿಲ್ಲ ಅಂದರೆ

ಕ್ಲಾಸ್ ಪದ್ಧತಿಯ ಹೊಸ ಸಾದಾ ಪೆಟ್ಟಿಗೆ ತೆಗೆದುಕೊಳ್ಳಿ. ಕೊಳ್ಳುವಾಗ ಡಬ್ಬದ ಮೇಲೆ 'ಕ್ಲಾಸ್ ಕಂಪ್ಲಯಂಟ್' ಅಂತ ಇದೆಯಾ ನೋಡಿ, ಲೈನ್-ಇನ್ ಸ್ಟೀರಿಯೋ ಆಗಿದೆಯಾ ಕೇಳಿ. ತೀರಾ ಅಗ್ಗದ ಯುಎಸ್‌ಬಿ ತುಂಡುಗಳಲ್ಲಿ ಇರುವುದು ಮೋನೋ ಮೈಕ್ ಜ್ಯಾಕ್, ಡೆಕ್ಕಿನ ಸೌಂಡ್ ಅದಕ್ಕೆ ಕೊಟ್ಟರೆ ಕಿರುಚುತ್ತದೆ. ಅಥವಾ ಕಂಪ್ಯೂಟರಿನ ಸಹವಾಸವೇ ಬೇಡ ಅಂತ ಲೈನ್-ಇನ್ ಇರುವ ಕೈ ರೆಕಾರ್ಡರಿಗೆ ಡೆಕ್ ಸಿಕ್ಕಿಸಿ ಮೆಮೊರಿ ಕಾರ್ಡಿಗೇ ತುಂಬಿಸಿ.

ಸೌಂಡ್ ಬಂದ ಮೇಲೆ

ಬಂತು ಅಂತ ಕುಣಿದು ನೇರವಾಗಿ ಅಪರೂಪದ ಕ್ಯಾಸೆಟ್ ಹಾಕಬೇಡಿ. ಹಾಳಾದರೂ ಪರವಾಗಿಲ್ಲ ಅನ್ನುವ ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ತುಂಬಿಸಿ. 16 ಬಿಟ್, 44.1, ಸ್ಟೀರಿಯೋದಲ್ಲಿ ಒಂದು ಗಂಟೆಗೆ ಸುಮಾರು 635 ಎಂಬಿ ಆಗುತ್ತದೆ. ಹಾಗಾಗಿ 60 ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ 317ರ ಆಸುಪಾಸು ಬರಬೇಕು. ಅರ್ಧದಷ್ಟೇ ಬಂದಿದ್ದರೆ ಮೋನೋ ಆಗಿದೆ, ಸೆಟ್ಟಿಂಗ್ ನೋಡಿ. ಮೀಟರ್ ಮೈನಸ್ 6 ಡಿಬಿಯ ಹತ್ತಿರ ಮುಟ್ಟಿ ಇಳಿಯುವಂತೆ ಇಡಿ. ಮಾತಿಗೆ ಹೊಂದಿಸಿದರೆ ಸಾಲದು, ಚೆಂಡೆ ಬರುವವರೆಗೆ ಕಾದು ಹೊಂದಿಸಿ. ಕೊನೆಯ ಐದು ನಿಮಿಷ ಹೆಡ್‌ಫೋನಿನಲ್ಲಿ ಕೇಳಿ. ತುಂಬ ಹೊತ್ತು ಓಡಿದ ಮೇಲೆ ಶುರುವಾಗುವ ಚಟ್ ಚಟ್ ಅಲ್ಲೇ ಸಿಕ್ಕಿಬೀಳುವುದು.

ಎಲ್ಲ ಸರಿ ಇದ್ದರೆ ಕೆಲಸ ಮಾಡಿದ ಡ್ರೈವರಿನ ಫೋಲ್ಡರ್, ಹಾರ್ಡ್‌ವೇರ್ ಐಡಿಯ ಚೀಟಿ, ಯಾವ ಸ್ವಿಚ್ ಯಾವ ಕಡೆಗಿತ್ತು ಅನ್ನುವ ಒಂದು ಫೋಟೋ, ಇಷ್ಟನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ. ವಿಂಡೋಸಿಗೆ ವರ್ಷಕ್ಕೊಮ್ಮೆ ದೊಡ್ಡ ಅಪ್‌ಡೇಟ್ ಬರುತ್ತದೆ, ಆಗ ಇದು ಮತ್ತೆ ಬೇಕಾಗುತ್ತದೆ. ನಾನು ಆ ಪೆನ್‌ಡ್ರೈವನ್ನು ರಬ್ಬರ್ ಬ್ಯಾಂಡ್ ಸುತ್ತಿ ಪೆಟ್ಟಿಗೆಗೇ ಕಟ್ಟಿಟ್ಟಿದ್ದೇನೆ. ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ 'ಮೊದಲು ಮೈಕ್ ಪರ್ಮಿಷನ್ ನೋಡು' ಅಂತ ಬರೆದಿದೆ. ಅಕ್ಷರ ನನ್ನದಲ್ಲ, ತಂಗಿಯ ಮಗನದ್ದು.